ಕಂಪ್ಯೂಟರ್ ಹಳೆಯದಾಯಿತು, ಹಾಡುಗಳ ಗತಿಯೇನು?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಶಿಕ್ಷಕಿ. ವಯಸ್ಸು ಅರವತ್ತಾರು. ಮೈಸೂರಿನ ಕುವೆಂಪುನಗರದಲ್ಲಿ ಒಬ್ಬಳೇ ಇದ್ದೇನೆ. ಮಗ, ಸೊಸೆ ಅಮೆರಿಕದಲ್ಲಿದ್ದಾರೆ. ನಮ್ಮತ್ತೆಯವರು ನಂಜನಗೂಡಿನ ಕಡೆಯವರು. ಸೋಬಾನೆ, ಹಸೆಗೆ ಕರೆಯುವ ಹಾಡು, ಬೀಗರ ಹಾಡು, ಆರತಿ ಹಾಡು ಎಲ್ಲವೂ ಅವರ ಬಾಯಲ್ಲಿದ್ದವು. ಅವರು ಇರುವಾಗಲೇ ಕೇಳಿ ಬರೆದುಕೊಂಡು, ನಿವೃತ್ತಿಯ ನಂತರ ಒಂದೊಂದಾಗಿ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದೇನೆ. ನೋಟ್‌ಬುಕ್ಕುಗಳಿಗೆ ಗೆದ್ದಲು ಹಿಡಿದು ಅರ್ಧ ಹಾಳಾದವು. ಈಗ ಹಾಡುಗಳು ಉಳಿದಿರುವುದು ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ ಮಾತ್ರ.

ವಿಂಡೋಸ್ 10ಕ್ಕೆ ಇನ್ನು ಬೆಂಬಲವಿಲ್ಲ ಎಂಬ ಸೂಚನೆ ಪರದೆಯ ಮೇಲೆ ಬಂತು. ಅಂಗಡಿಯವರನ್ನು ಕೇಳಿದರೆ, ‘ಇದು ಮುಗೀತು ಮೇಡಂ, ಹೊಸದು ತಗೊಳ್ಳಿ, ಇಲ್ಲಾಂದ್ರೆ ಫಾರ್ಮ್ಯಾಟ್ ಮಾಡಿಕೊಡ್ತೀನಿ’ ಎಂದರು. ಆಮೇಲೆ ಒಂದು ದಿನ ಅಡುಗೆಯೊಂದನ್ನು ಹುಡುಕುತ್ತಿದ್ದಾಗ ಇಡೀ ಪರದೆ ಕೆಂಪಾಗಿ, ಜೋರಾಗಿ ಸದ್ದು ಬಂದು, ‘ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಫೋನ್ ಮಾಡಿ’ ಎಂದು ತೋರಿಸಿತು. ಹೆದರಿ ಪ್ಲಗ್ ಕಿತ್ತುಬಿಟ್ಟೆ. ಹಾಡುಗಳನ್ನು ಮಗನಿಗೆ ಕಳಿಸಿದರೆ ಅವನ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವಂತೆ. ‘ಅಮ್ಮ, ನೀನು ಏನೂ ಮುಟ್ಟಬೇಡ, ಡಿಸೆಂಬರಿಗೆ ಬಂದಾಗ ನೋಡ್ತೀನಿ’ ಎಂದ. ಅಂದಿನಿಂದ ಕಂಪ್ಯೂಟರ್ ಹಚ್ಚಿಲ್ಲ. ಏನು ಮಾಡಲಿ?

— ಹೆಸರು ಬೇಡ, ಮೈಸೂರು

ಉತ್ತರ: ಮೇಡಂ, ಮೊದಲು ಧೈರ್ಯ ತಂದುಕೊಳ್ಳಿ. ನೀವು ಏನನ್ನೂ ಕಳೆದುಕೊಂಡಿಲ್ಲ. ಆ ನಂಬರಿಗೆ ಫೋನ್ ಮಾಡದೆ ಪ್ಲಗ್ ಕಿತ್ತದ್ದು ಒಳ್ಳೆಯದೇ ಆಯಿತು. ಹಾಡುಗಳು ಇನ್ನೂ ಡಿಸ್ಕಿನಲ್ಲೇ ಇವೆ ಎಂದು ನಂಬಲು ಎಲ್ಲ ಕಾರಣಗಳೂ ಇವೆ. ಆದರೆ ಡಿಸೆಂಬರಿನವರೆಗೆ ಕಾಯಬೇಡಿ. ನಿಮ್ಮ ಪತ್ರದಲ್ಲಿ ಕಂಪ್ಯೂಟರಿನ ಚಿಂತೆಯೂ ಹಾಡಿನ ಚಿಂತೆಯೂ ಹೆಣೆದುಕೊಂಡಿವೆ. ಅವನ್ನು ಬೇರೆ ಮಾಡೋಣ. ಕಂಪ್ಯೂಟರ್ ಹೋದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ನಿಮ್ಮ ಅತ್ತೆಯವರ ಹಾಡು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹಾಗಾಗಿ ಹಾಡುಗಳ ಪ್ರತಿ ಮಾಡುವುದು ಮೊದಲ ಕೆಲಸ. ಅದು ಮುಗಿಯುವವರೆಗೆ ರಿಪೇರಿ, ಫಾರ್ಮ್ಯಾಟ್, ಹೊಸ ಕಂಪ್ಯೂಟರ್ ಯಾವುದರ ಮಾತೂ ಬೇಡ.

ನಿಮ್ಮ ಊರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನೇ ನೆನೆಯಿರಿ. 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಅಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದ್ದು ಗ್ರಂಥ ಲಿಪಿಯ ತಾಳೆಗರಿಯಲ್ಲಿ. 1909ರಲ್ಲಿ ಅದು ಅಚ್ಚಾಯಿತು. ಹೆಸರು ಗೊತ್ತಿಲ್ಲದ ಯಾರೋ ಲಿಪಿಕಾರರು ತಲೆತಲಾಂತರದಿಂದ ಪ್ರತಿ ಮಾಡುತ್ತ ಬಂದದ್ದರಿಂದ ಆ ಗ್ರಂಥ ನಮ್ಮವರೆಗೆ ಬಂತು. ನೀವು ಮಾಡಬೇಕಾದದ್ದೂ ಅದೇ ಕೆಲಸ. ನಿಮಗೆ ಒಂದು ಮಧ್ಯಾಹ್ನ ಸಾಕು.

ಇಂಟರ್‌ನೆಟ್ ಸಂಪರ್ಕ ತೆಗೆದು ಕಂಪ್ಯೂಟರ್ ಹಚ್ಚಿ. ರೂಟರಿನ ಸ್ವಿಚ್ ಆರಿಸಿದರೂ ಆಯಿತು. ಬ್ರೌಸರನ್ನು ತೆರೆಯಲೇಬೇಡಿ. ಹೊಸದೊಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಂಡು ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿ. ಪೆನ್ ಡ್ರೈವ್ ಸಾಗಿಸಲು ಸರಿ, ವರ್ಷಗಟ್ಟಲೆ ಕಾಪಾಡಲು ಅದನ್ನೊಂದನ್ನೇ ನಂಬಬೇಡಿ. ಹಾಡಿನ ಫೋಲ್ಡರ್ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಕಾಪಿ’ ಆರಿಸಿ, ಹೊಸ ಡಿಸ್ಕನ್ನು ತೆರೆದು ‘ಪೇಸ್ಟ್’ ಮಾಡಿ. ‘ಕಟ್’ ಮಾತ್ರ ಬೇಡ. ಮುಗಿದ ಮೇಲೆ ಹೊಸ ಡಿಸ್ಕಿನಿಂದಲೇ ನಾಲ್ಕಾರು ಹಾಡು ತೆರೆದು, ಕೊನೆಯ ಸಾಲಿನವರೆಗೆ ಓದಿ ನೋಡಿ. ಬಳಿಕ ‘ಎಜೆಕ್ಟ್’ ಕೊಟ್ಟು ಡಿಸ್ಕ್ ಬಿಚ್ಚಿ ಬೀರುವಿನಲ್ಲಿಡಿ. ಸದಾ ಸಿಕ್ಕಿಸಿಟ್ಟ ಡಿಸ್ಕಿಗೆ ಕಂಪ್ಯೂಟರಿಗೆ ಬಂದ ವೈರಸ್ಸೂ ತಗಲುತ್ತದೆ, ಏಪ್ರಿಲ್–ಮೇ ತಿಂಗಳ ಸಿಡಿಲೂ ತಗಲುತ್ತದೆ. ಗುಡುಗು ಕೇಳಿದರೆ ಕಂಪ್ಯೂಟರನ್ನು ಶಟ್‌ಡೌನ್ ಮಾಡಿ, ಕರೆಂಟಿನ ಪ್ಲಗ್ ಜೊತೆಗೆ ಇಂಟರ್‌ನೆಟ್ ಕೇಬಲ್ಲನ್ನೂ ಕಿತ್ತಿಡಿ. ಆ ತಂತಿಯ ಮೂಲಕವೂ ಸಿಡಿಲು ಒಳಗೆ ಬರುತ್ತದೆ.

ಅದೇ ದಿನ ಇನ್ನೊಂದು ಕೆಲಸ. ಹಾಡಿನ ಕಡತವನ್ನು ವರ್ಡ್‌ನಲ್ಲಿ ತೆರೆದು ‘ಸೇವ್ ಆ್ಯಸ್’ನಲ್ಲಿ ಪಿಡಿಎಫ್ ಆರಿಸಿ. ಪಿಡಿಎಫ್‌ನೊಳಗೆ ಅಕ್ಷರರೂಪವೂ ಸೇರಿಕೊಳ್ಳುವುದರಿಂದ ಮಗನ ಫೋನಿನಲ್ಲಿ ಹಾಡು ಕನ್ನಡದಲ್ಲೇ ಕಾಣುತ್ತದೆ. ಹೊಸ ಡಿಸ್ಕ್ ಬೀರುವಿಗೆ ಸೇರಿದ ಮೇಲೆ ಇಂಟರ್‌ನೆಟ್ ಮತ್ತೆ ಜೋಡಿಸಿ, ಪಿಡಿಎಫ್ ಮತ್ತು ಮೂಲ ಕಡತ ಎರಡನ್ನೂ ಅವನಿಗೆ ಇಮೇಲ್ ಮಾಡಿ. ಆಗ ಒಂದು ಪ್ರತಿ ಊರಿನಾಚೆಗೂ ಇರುತ್ತದೆ. ಗೂಗಲ್ ಖಾತೆಯೊಂದಿಗೆ 15 ಜಿಬಿ ಜಾಗ ಉಚಿತವಾಗಿ ಸಿಗುತ್ತದೆ. ಬರೀ ಅಕ್ಷರಗಳಿಗಾದರೆ ಅದರಲ್ಲಿ ಒಂದು ಮೂಲೆ ಸಾಕು, ಅಲ್ಲೂ ಒಂದು ಪ್ರತಿ ಇಡಬಹುದು. ಬಡಾವಣೆಯ ಜೆರಾಕ್ಸ್ ಅಂಗಡಿಯಲ್ಲಿ ಪಿಡಿಎಫ್‌ನ ಪ್ರಿಂಟ್ ತೆಗೆಸಿ ಸ್ಪೈರಲ್ ಬೈಂಡ್ ಮಾಡಿಸಿ. ಗೆದ್ದಲಿನ ಕಾಟ ನಿಮಗೆ ಗೊತ್ತೇ ಇದೆ, ಅದನ್ನು ಸ್ಟೀಲ್ ಬೀರುವಿನಲ್ಲಿಡಿ.

ಇನ್ನು ಅಕ್ಷರಗಳ ವಿಷಯ. ಕನ್ನಡ ಗಣಕ ಪರಿಷತ್ತಿನ ನುಡಿ ನಮ್ಮ ಕಚೇರಿ, ಶಾಲೆ, ಪತ್ರಿಕೆಗಳಲ್ಲಿ ಕನ್ನಡದ ಕೆಲಸ ನಡೆಸಿಕೊಟ್ಟ ದೊಡ್ಡ ಸಾಧನ. ಆದರೆ ಅದರ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ರೂಪ ಕೂಡಿಸುತ್ತಿದ್ದವು. ನೀವು ‘ಕ’ ಒತ್ತಿದಾಗ ಕಂಪ್ಯೂಟರ್ ಒಳಗೆ ಬರೆದುಕೊಂಡದ್ದು ಇಂಗ್ಲಿಷಿನ ದೊಡ್ಡ ಪಿ ಮತ್ತು ತಲೆಯ ಮೇಲೆ ಗೀಟಿರುವ ದೊಡ್ಡ ಎ. ‘ನ’ ಎಂದರೆ ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಗೀಟಿನ ಎ. ನುಡಿ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದು ಕನ್ನಡವಾಗಿ ಕಾಣುತ್ತದೆ. ನಿಮ್ಮ ಮಗನ ಫೋನಿನಲ್ಲಿ ಆ ಫಾಂಟ್ ಇಲ್ಲ, ಅವನಿಗೆ ಕಂಡದ್ದು ಪಿ, ಎ, ಪೌಂಡು. ಕಡತ ಕೆಟ್ಟಿಲ್ಲ.

ಇದಕ್ಕೆ ಶಾಶ್ವತ ಪರಿಹಾರ ಯುನಿಕೋಡ್. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ. ಯಾವ ಫೋನಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ, ಹುಡುಕಿದರೆ ಸಿಗುತ್ತದೆ. ನುಡಿ, ಬರಹ ತಂತ್ರಾಂಶಗಳ ಜೊತೆಗೆ ಹಳೆಯ ಬರವಣಿಗೆಯನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ದೀರ್ಘಗಳು ಅಲ್ಲಲ್ಲಿ ತಪ್ಪಬಹುದು. ಪ್ರಿಂಟ್ ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ತಾಳೆ ನೋಡಿ. ವರ್ಷಗಟ್ಟಲೆ ಉತ್ತರಪತ್ರಿಕೆ ತಿದ್ದಿದ ಕಣ್ಣು ನಿಮ್ಮದು, ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಸಿದ್ಧತೆ ಇಲ್ಲ. ಮೂಲ ಕಡತವನ್ನು ಮಾತ್ರ ಅಳಿಸಬೇಡಿ. ಮುಂದೆ ಬರೆಯುವುದನ್ನೆಲ್ಲ ಯುನಿಕೋಡಿನಲ್ಲೇ ಬರೆಯಿರಿ. ನುಡಿಯ ಹೊಸ ಆವೃತ್ತಿಯಲ್ಲಿ ಹಳೆಯ ಕೀಲಿಮಣೆಯ ಅಭ್ಯಾಸವೇ ನಡೆಯುತ್ತದೆ, ಬೆರಳುಗಳಿಗೆ ಹೊಸ ಪಾಠ ಬೇಕಿಲ್ಲ.

ಈಗ ಆ ಕೆಂಪು ಪರದೆ. ಅದು ಕಂಪ್ಯೂಟರಿಗೆ ಬಂದ ರೋಗವಲ್ಲ, ಬ್ರೌಸರಿನಲ್ಲಿ ತೆರೆದುಕೊಂಡ ಒಂದು ಮೋಸದ ಪುಟ. ಹೆದರಿಸಿ ಫೋನ್ ಮಾಡಿಸುವುದೇ ಅದರ ಉದ್ದೇಶ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ನಂಬರ್ ಕಂಡರೆ ಮೋಸ ಎಂದೇ ತಿಳಿಯಿರಿ. ಮತ್ತೆ ಹೀಗಾದರೆ ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿಯಿರಿ, ಇಲ್ಲವೇ ಆಲ್ಟ್ ಮತ್ತು ಎಫ್4 ಒಟ್ಟಿಗೆ ಒತ್ತಿ. ಏನೂ ಆಗದಿದ್ದರೆ ಪವರ್ ಗುಂಡಿಯನ್ನು ಕಂಪ್ಯೂಟರ್ ಆರುವವರೆಗೆ ಒತ್ತಿ ಹಿಡಿಯಿರಿ. ಮತ್ತೆ ಬ್ರೌಸರ್ ತೆರೆದಾಗ ‘ಹಿಂದಿನ ಪುಟಗಳನ್ನು ತೆರೆಯಲೇ?’ ಎಂದು ಕೇಳಿದರೆ ಒಪ್ಪಬೇಡಿ. ಮನಸ್ಸಿನ ಸಮಾಧಾನಕ್ಕೆ ವಿಂಡೋಸ್ ಸೆಕ್ಯುರಿಟಿಯಲ್ಲಿ ಒಂದು ‘ಫುಲ್ ಸ್ಕ್ಯಾನ್’ ಮಾಡಿ. ಅದು ವಿಂಡೋಸ್ ಜೊತೆಗೇ ಬಂದಿರುತ್ತದೆ, ಖರ್ಚಿಲ್ಲ.

ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ತಂತ್ರಾಂಶಗಳು ದೂರದಿಂದ ನಿಮ್ಮ ಕಂಪ್ಯೂಟರ್ ನಡೆಸಲು ದಾರಿ ಕೊಡುತ್ತವೆ. ಮಗ ಅವುಗಳಿಂದ ಸಹಾಯ ಮಾಡಬಹುದು, ಕಳ್ಳನೂ ಅವುಗಳಿಂದಲೇ ಒಳಗೆ ಬರಬಹುದು. ಒಂದೇ ನಿಯಮ ಇಟ್ಟುಕೊಳ್ಳಿ: ನಿಮಗೆ ಗೊತ್ತಿರುವ ನಂಬರಿಗೆ ನೀವೇ ಫೋನ್ ಮಾಡಿದ್ದರೆ ಮಾತ್ರ ದಾರಿ ಕೊಡಿ. ತಾವಾಗಿ ಫೋನ್ ಮಾಡಿದವರು ಬ್ಯಾಂಕಿನವರೆನ್ನಲಿ, ಪೊಲೀಸರೆನ್ನಲಿ, ಕೊಡಬೇಡಿ. ಅಕಸ್ಮಾತ್ ದುಡ್ಡು ಹೋದರೆ ನಾಚಿಕೆಪಟ್ಟು ಸುಮ್ಮನಿರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಮೈಸೂರು ನಗರದ ಸೆನ್ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು.

ಹಾಡುಗಳು ಭದ್ರವಾದ ಮೇಲೆ ಕಂಪ್ಯೂಟರಿನ ಸರದಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ರಂದು. ಅಂದಮಾತ್ರಕ್ಕೆ ಕಂಪ್ಯೂಟರ್ ನಿಲ್ಲುವುದಿಲ್ಲ. ಕಳ್ಳರು ಕಂಡುಹಿಡಿಯುವ ಹೊಸ ಸಂದುಗಳನ್ನು ಮುಚ್ಚುವ ತೇಪೆಗಳು ನಿಲ್ಲುತ್ತವೆ, ಅಪಾಯ ಇರುವುದು ಅಲ್ಲಿ. ಮನೆಬಳಕೆಯವರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಆ ಭದ್ರತಾ ತೇಪೆಗಳು ಸಿಗುತ್ತವೆ ಎಂದು ಕಂಪನಿ ಹೇಳಿತ್ತು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್‌ಗೆ ಹೋಗಿ ನೋಡಿ. ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋಗಿ ಸೆಟ್ಟಿಂಗುಗಳನ್ನು ಬ್ಯಾಕಪ್ ಮಾಡಿದವರಿಗೆ ಅದು ಉಚಿತ.

ಕಂಪ್ಯೂಟರ್ ವಿಂಡೋಸ್ 11ಕ್ಕೆ ಒಗ್ಗುತ್ತದೆಯೇ ಎಂಬುದನ್ನು ಮೈಕ್ರೋಸಾಫ್ಟ್‌ನದೇ ‘ಪಿಸಿ ಹೆಲ್ತ್ ಚೆಕ್’ ಹೇಳುತ್ತದೆ. ಇಂಟೆಲ್ ಪ್ರೊಸೆಸರಾದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನದಾಗಿರಬೇಕು, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇರಬೇಕು. ಒಗ್ಗಿದರೆ ಆ ಬದಲಾವಣೆಗೆ ದುಡ್ಡಿಲ್ಲ. ಒಗ್ಗದಿದ್ದರೂ ಬರವಣಿಗೆಯನ್ನು ಇಂಟರ್‌ನೆಟ್ ಇಲ್ಲದೆ ಆ ಹಳೆಯದರಲ್ಲೇ ಮುಂದುವರಿಸಬಹುದು, ಬ್ಯಾಂಕಿನ ಕೆಲಸ ಅದರಲ್ಲಿ ಬೇಡ. ತೀರಾ ನಿಧಾನವಾಗಿದ್ದರೆ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಹಾಕಿಸಿ. ಹೊಸ ಕಂಪ್ಯೂಟರಿನ ಬೆಲೆಯ ಸಣ್ಣ ಪಾಲಿನಲ್ಲಿ ದೊಡ್ಡ ವ್ಯತ್ಯಾಸ ಕಾಣುತ್ತೀರಿ.

ಅಂಗಡಿಗೆ ಕೊಡುವಾಗ ಒಂದು ಎಚ್ಚರ. ಫಾರ್ಮ್ಯಾಟ್ ಎಂದರೆ ಡಿಸ್ಕಿನಲ್ಲಿರುವುದನ್ನು ಅಳಿಸುವುದು. ‘ಫಾರ್ಮ್ಯಾಟ್ ಮಾಡುವ ಮೊದಲು ನನ್ನನ್ನು ಕೇಳಿ’ ಎಂದು ರಸೀದಿಯ ಮೇಲೇ ಬರೆಸಿ. ಡಿಸ್ಕ್ ಬದಲಿಸಿದರೆ ಹಳೆಯದನ್ನು ಕೇಳಿ ಮನೆಗೆ ತನ್ನಿ, ಅದು ನಿಮ್ಮ ಸ್ವತ್ತು. ಪಾಸ್‌ವರ್ಡ್ ಬರೆದಿಟ್ಟ ಚೀಟಿಯನ್ನು ಕಂಪ್ಯೂಟರಿನ ಮೇಲೆ ಅಂಟಿಸಿ ಕೊಡಬೇಡಿ.

ಕೊನೆಗೆ, ಮಗನ ಮಾತು. ‘ಮುಟ್ಟಬೇಡ’ ಎಂದದ್ದು ನಿಮಗೆ ನೋವಾಗಿದೆ. ದೂರದಲ್ಲಿರುವ ಮಕ್ಕಳಿಗೆ ಹೆದರಿಕೆಯಾದಾಗ ಬಾಯಿಗೆ ಮೊದಲು ಬರುವ ಮಾತು ಅದು. ನೀವು ಟೀಚರ್, ಮುಟ್ಟದೆ ಯಾವ ಮಗುವೂ ಬರೆಯುವುದನ್ನು ಕಲಿಯಲಿಲ್ಲ ಎಂಬುದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನಿಗೆ ಹೀಗೆ ಹೇಳಿ: ‘ನೀನು ಮಾಡಿಕೊಡಬೇಡ ಕಣೋ. ವಿಡಿಯೊ ಕಾಲ್‌ನಲ್ಲಿ ಕೂತ್ಕೊಂಡು ಹೇಳು, ಮೌಸ್ ನಾನು ಹಿಡೀತೀನಿ.’ ಅವನು ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಹಂತಹಂತವಾಗಿ ಬರೆದುಕೊಳ್ಳಿ. ಡಿಸೆಂಬರಿಗೆ ಅವನು ಬರುವ ಹೊತ್ತಿಗೆ ರಿಪೇರಿಯ ಕೆಲಸ ಉಳಿದಿರುವುದಿಲ್ಲ. ಆ ರಜೆಯಲ್ಲಿ ಹಾಡುಗಳ ಧಾಟಿಯನ್ನು ನೀವು ಹಾಡಿ, ಅವನು ಫೋನಿನಲ್ಲಿ ರೆಕಾರ್ಡ್ ಮಾಡಲಿ. ಅಕ್ಷರದಲ್ಲಿ ಮಾತು ಮಾತ್ರ ಉಳಿಯುತ್ತದೆ, ಧಾಟಿ ಈಗ ಇರುವುದು ನಿಮ್ಮ ಗಂಟಲಲ್ಲಿ. ಅದಕ್ಕೂ ಒಂದು ಪ್ರತಿ ಬೇಕು.