ಮೇಕೆದಾಟಿನ ಏಣಿ

ಎದುರಿನ ಮೋಂ ಬ್ಲಾಂ ದ ಶೇಲೋ ಶಿಖರ ಹಿಂದಿನ ಸಂಜೆ ಕೈಗೆ ಎಟಕುವಷ್ಟು ಹತ್ತಿರ ಕಾಣುತ್ತಿತ್ತು. ಬೆಳಗಿನ ಐದಕ್ಕೆ ಅದರ ಸುಳಿವೇ ಇರಲಿಲ್ಲ. 2,928 ಮೀಟರ್ ಎತ್ತರದ ದೀಸ್ ತಂಗುಮನೆಯಲ್ಲಿ ಐವರೂ ಬ್ರೆಡ್ಡು, ಜಾಮು ಮುಂದಿಟ್ಟುಕೊಂಡು ಮಾರ್ಗದರ್ಶಿಯ ಬಾಯನ್ನೇ ನೋಡುತ್ತಿದ್ದೆವು.

ಫ್ರಾನ್ಸಿನ ಶಾಮೊನಿಯಿಂದ ಸ್ವಿಟ್ಜರ್ಲೆಂಡಿನ ಜೆರ್ಮಾಟ್‌ಗೆ ಹೋಗುವ ಈ ಹಿಮದಾರಿಯ ಹೆಸರು ಓಟ್ ರೂಟ್, ಅಂದರೆ ಎತ್ತರದ ಹಾದಿ. ಸುಮಾರು 120 ಕಿ.ಮೀ., ಆರೇಳು ದಿನ. 19ನೇ ಶತಮಾನದಲ್ಲಿ ಇಂಗ್ಲಿಷ್ ಪರ್ವತಾರೋಹಿಗಳು ಬೇಸಿಗೆಯಲ್ಲಿ ನಡೆದು ದಾಟಿದ ದಾರಿಯಿದು. 1911ರ ಜನವರಿಯಲ್ಲಿ ಎಫ್. ಎಫ್. ರೋಜೆ, ಮಾರ್ಸೆಲ್ ಕುರ್ಜ್ ಮತ್ತು ಅವರ ಮಾರ್ಗದರ್ಶಿಗಳು ಬೂರ್ ಸೇಂ ಪಿಯೇರ್‌ನಿಂದ ಜೆರ್ಮಾಟ್‌ವರೆಗೆ ಸ್ಕೀ ಮೇಲೆ ಸಾಗಿದರು. ಈಗ ಮಾರ್ಚ್ ನಡುವಿನಿಂದ ಮೇ ಮೊದಲ ವಾರದವರೆಗೆ ತಂಗುಮನೆಗಳು ತುಂಬಿರುತ್ತವೆ.

ಸ್ಕೀ ಎಂದರೆ ಇಳಿಜಾರಿನ ಆಟ ಎಂದುಕೊಂಡವರಿಗೆ ಇಲ್ಲಿ ಮೊದಲು ಎದುರಾಗುವುದು ಏರು. ದಿನದ ಬಹುಪಾಲು ಹತ್ತುವುದರಲ್ಲೇ ಹೋಗುತ್ತದೆ. ಅದಕ್ಕಾಗಿ ಸ್ಕೀ ಅಡಿಗೆ ‘ಸ್ಕಿನ್’ ಎಂಬ ಪಟ್ಟಿ ಅಂಟಿಸುತ್ತಾರೆ. ಹಿಂದೆ ಸೀಲ್ ಪ್ರಾಣಿಯ ತೊಗಲು ಬಳಸುತ್ತಿದ್ದರು, ಈಗ ಮೊಹೇರ್ ಅಥವಾ ನೈಲಾನ್. ಅದರ ರೋಮ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಕಚ್ಚಿಕೊಳ್ಳುತ್ತದೆ. ಎರಡನೇ ದಿನ ಅಂಟಿನ ಮೇಲೆ ಹಿಮದ ಪುಡಿ ಕೂತು ನನ್ನ ಪಟ್ಟಿ ಕಿತ್ತು ಬಂತು. ಕಡಿದಾದ ಏರಿನಲ್ಲಿ ಎಲ್ಲರೂ ನನಗಾಗಿ ನಿಂತು ನಡುಗಿದರು. ಅಂದಿನಿಂದ ತೆಗೆದ ಪಟ್ಟಿ ಜಾಕೆಟ್‌ನ ಒಳಗೆ, ಹೊಟ್ಟೆಯ ಬಿಸಿಗೆ. ಫೋನೂ ಅಲ್ಲೇ, ಚಳಿಗೆ ಬ್ಯಾಟರಿ ಸತ್ತರೆ ನಕ್ಷೆಯೂ ಸತ್ತಂತೆ.

ಎದೆಗೆ ಕಟ್ಟಿದ ಟ್ರಾನ್ಸೀವರ್ 457 ಕಿಲೋಹರ್ಟ್ಜ್‌ನಲ್ಲಿ ಸದಾ ಸಂಕೇತ ಕಳಿಸುತ್ತಿರುತ್ತದೆ. ಹಿಮಕುಸಿತದಲ್ಲಿ ಹೂತವರನ್ನು ಮೊದಲ ಕಾಲು ಗಂಟೆಯೊಳಗೆ ಹೊರತೆಗೆದರೆ ಬದುಕುವ ಆಸೆ ಹೆಚ್ಚು, ಆಮೇಲೆ ಅದು ಬಹಳ ಬೇಗ ಕುಗ್ಗುತ್ತದೆ. ಹೊರಗಿನವರು ಬರುವವರೆಗೆ ಕಾಯಲು ಸಮಯವಿಲ್ಲ, ಜೊತೆಯವರೇ ಹುಡುಕಿ ಅಗೆಯಬೇಕು. ಸಲಿಕೆ ಹಿಡಿದು ಅಭ್ಯಾಸ ಮಾಡದವರನ್ನು ಯಾವ ತಂಡವೂ ಸೇರಿಸಿಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಾಲ್ಕನೇ ದಿನ ದೀಸ್ ಜಲಾಶಯದ ಅಂಚಿನಲ್ಲಿ ಉದ್ದಕ್ಕೂ ಸಾಗಿದೆವು. ಅದನ್ನು ತಡೆದು ನಿಲ್ಲಿಸಿರುವ ಗ್ರಾಂಡ್ ದಿಕ್ಸಾಂಸ್ ಅಣೆಕಟ್ಟೆಯ ಎತ್ತರ 285 ಮೀಟರ್, ನಮ್ಮ ಕನ್ನಂಬಾಡಿಯ ಏಳರಷ್ಟು. ಸಂಜೆ ತಂಗುಮನೆ ಸೇರಿದಾಗ ಮುನ್ಸೂಚನೆ ಬಂತು: ಮರುದಿನ ದಕ್ಷಿಣದಿಂದ ಬಿರುಗಾಳಿ.

ಮುಂದಿನ ದಾರಿ 3,700 ಮೀಟರಿಗೂ ಎತ್ತರದ ಪೀನ್ ದಾರೋಲಾ ಹತ್ತಿ ವಿನ್ಯೆತ್ ತಂಗುಮನೆಗೆ. ‘ಬೇಗ ಹೊರಟರೆ ಗಾಳಿಗಿಂತ ಮೊದಲೇ ಮುಟ್ಟಬಹುದು’ ಎಂದು ವಾದಿಸಿದವನು ನಾನೇ. ತಿಂಗಳುಗಳ ಮುಂಚೆ ಕಾದಿರಿಸಿದ ಹಾಸಿಗೆಗಳು, ಒಂದು ತಂಗುಮನೆಗೆ ಒಂದೇ ರಾತ್ರಿ. ಸೋಮವಾರ ಕೆಲಸಕ್ಕೆ ಹಾಜರಾಗಬೇಕು. ಒಂದು ದಿನ ತಪ್ಪಿದರೆ ಇಡೀ ಸರಪಳಿ ಕಳಚುತ್ತಿತ್ತು. ಆ ಬೆಳಗ್ಗೆ ನನ್ನ ಬಾಯಲ್ಲಿ ಮಾತಾಡುತ್ತಿದ್ದುದು ರಜೆಯ ಲೆಕ್ಕ.

ಮಾರ್ಗದರ್ಶಿ ವಾದಕ್ಕೆ ನಿಲ್ಲಲಿಲ್ಲ, 2018 ಎಂದಷ್ಟೇ ಹೇಳಿದರು. ಆ ವರ್ಷದ ಏಪ್ರಿಲ್ 29ರಂದು ಇದೇ ದೀಸ್‌ನಿಂದ ಹೊರಟವರು ಬಿರುಗಾಳಿಗೆ ಸಿಕ್ಕಿ, 14 ಮಂದಿ ಬಯಲಲ್ಲೇ ರಾತ್ರಿ ಕಳೆಯಬೇಕಾಯಿತು. ಏಳು ಜನ ಸತ್ತರು. ವಿನ್ಯೆತ್ ತಂಗುಮನೆ ಅವರಿದ್ದ ಜಾಗದಿಂದ ಕೆಲವೇ ನೂರು ಮೀಟರ್ ದೂರದಲ್ಲಿತ್ತು. ಬಿಳಿ ಮೋಡ, ಬಿಳಿ ನೆಲ ಒಂದಾದಾಗ ಕಣ್ಣು ಮೇಲು ಕೆಳಗನ್ನೂ ಗುರುತಿಸಲಾರದು.

2024ರ ಮಾರ್ಚ್ 9ರಂದು ಜೆರ್ಮಾಟ್‌ನಿಂದ ಅರೋಲಾಗೆ ಹೊರಟ ಆರು ಮಂದಿಯೂ ತೇತ್ ಬ್ಲಾಂಶ್ ಬಳಿ ಬಿರುಗಾಳಿಗೆ ಸಿಕ್ಕರು. ಐವರ ಶವಗಳು ಮರುದಿನವೇ ಸಿಕ್ಕವು. ಅವರಲ್ಲಿ ಹೆಚ್ಚಿನವರು ಒಂದೇ ಕುಟುಂಬದವರು, ಬೆಟ್ಟಕ್ಕೆ ಹೊಸಬರಲ್ಲ.

ನಾವು ಪೀನ್ ದಾರೋಲಾ ಬಿಟ್ಟು ಪಾ ದ ಶೆವ್ರ್ ಕಡೆ ತಿರುಗಿದೆವು. ಹೆಸರನ್ನು ಕನ್ನಡಿಸಿದರೆ ಮೇಕೆದಾಟು! ಬಂಡೆಗೆ ಬಿಗಿದ ಕಬ್ಬಿಣದ ಏಣಿ, ಬೆನ್ನಿಗೆ ಕಟ್ಟಿದ ಸ್ಕೀಗಳು, ಕೈಗವಸು ದಾಟಿ ಬರುವ ಲೋಹದ ಚಳಿ. ಏಣಿಯ ಆಚೆ ಅರೋಲಾ ಕಣಿವೆಗೆ ಇಳಿಜಾರು. ಊರು ಮುಟ್ಟಿ ಸೂಪು ಕುಡಿಯುವಾಗ ಮೇಲಿನ ಬೆಟ್ಟಗಳೆಲ್ಲ ಮುಚ್ಚಿಹೋಗಿದ್ದವು. ಮಧ್ಯಾಹ್ನದ ಬಸ್ಸಿನಲ್ಲಿ ಸಿಯೋಂ ಊರಿಗೆ ಇಳಿದೆವು.

ಜೆರ್ಮಾಟ್ ಇನ್ನೂ ಬಾಕಿಯಿದೆ. ಮುಂದಿನ ಏಪ್ರಿಲ್‌ಗೆ ದೀಸ್‌ನಲ್ಲಿ ಹಾಸಿಗೆ ಕಾದಿರಿಸಿದ್ದೇವೆ, ಈ ಸಲ ಎರಡು ರಾತ್ರಿಗೆ.