ಬಣ್ಣದ ಟ್ಯಾಂಕಿಗಿಂತ ಮೊದಲು

ಪೀಣ್ಯದ ಆನೊಡೈಸಿಂಗ್ ಶೆಡ್ಡಿನಲ್ಲಿ ಇಷ್ಟು ವರ್ಷ ಕೆಲಸ ಮಾಡಿ ನಾನು ಕಂಡುಕೊಂಡದ್ದು ಇಷ್ಟು: ಅಲ್ಯೂಮಿನಿಯಂ ಮೇಲೆ ಬಣ್ಣ ಹೇಗೆ ಬರುತ್ತದೆ ಅನ್ನುವುದು ಡೈ ಟ್ಯಾಂಕಿಗೆ ಇಳಿಸುವ ಮುಂಚೆಯೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ. ಜಾಬ್ ತರುವವರಲ್ಲಿ ಎಷ್ಟೋ ಜನ ಇದನ್ನು ಪೇಂಟಿಂಗ್ ಎಂದೇ ತಿಳಿದಿರುತ್ತಾರೆ. ಪೇಂಟನ್ನು ಹೊರಗಿನಿಂದ ಬಳಿಯುತ್ತೇವೆ. ಆನೊಡೈಸಿಂಗ್ ಪದರ ಲೋಹದಿಂದಲೇ ಹುಟ್ಟುತ್ತದೆ. ಲೀಟರಿಗೆ ಸುಮಾರು 180 ಗ್ರಾಂ ಸಲ್ಫ್ಯೂರಿಕ್ ಆಸಿಡ್ ಇರುವ, 20 ಡಿಗ್ರಿ ಆಸುಪಾಸಿನ ಟ್ಯಾಂಕಿನಲ್ಲಿ ಜಾಬನ್ನು ಪಾಸಿಟಿವ್‌ಗೆ ಕಟ್ಟಿ ಡಿಸಿ ಕರೆಂಟ್ ಕೊಟ್ಟರೆ, ಮೇಲ್ಮೈ ಆಕ್ಸೈಡ್ ಆಗುತ್ತಾ ಹೋಗುತ್ತದೆ. ಅದರ ತುಂಬ ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳು. ಡೈ ಇಳಿಯುವುದು ಅವುಗಳೊಳಗೆ.

ಆದ್ದರಿಂದ ನಾನು ಕೇಳುವ ಮೊದಲ ಪ್ರಶ್ನೆ ಗ್ರೇಡ್ ಯಾವುದು ಅಂತ. ಹೇಳದಿದ್ದರೂ, ಆನೊಡೈಸಿಂಗ್‌ಗೆ ಮುಂಚೆ ಮೇಲ್ಮೈ ಕೆರೆಯುವ ಕಾಸ್ಟಿಕ್ ಟ್ಯಾಂಕಿನಿಂದ ಮೇಲೆತ್ತಿದಾಗ ಸುಳಿವು ಸಿಕ್ಕೇ ಸಿಗುತ್ತದೆ. ಕಿಟಕಿ ಸೆಕ್ಷನ್ನಿನ 6063 ತಿಳಿಯಾದ ಮ್ಯಾಟ್ ಮುಖದಲ್ಲಿ ಬರುತ್ತದೆ. ತಾಮ್ರ ಹೆಚ್ಚಿರುವ 2024 ಮಸಿ ಬಳಿದ ಹಾಗೆ ಕಪ್ಪಾಗಿ ಬಂದು ಗ್ಲೌಸಿಗೆಲ್ಲ ಅಂಟುತ್ತದೆ. ಆ ಮಸಿ ನೈಟ್ರಿಕ್‌ನಲ್ಲಿ ಬಿಡುತ್ತದೆ. ಡೈಕಾಸ್ಟಿಂಗ್‌ನ ಸಿಲಿಕಾನ್ ಮಸಿ ಬರೀ ನೈಟ್ರಿಕ್‌ಗೆ ಜಗ್ಗುವುದಿಲ್ಲ. ಅಂಥ ಜಾಬಿಗೆ ಕಪ್ಪು ಹಾಕಬಹುದು, ತಿಳಿ ಕೆಂಪು, ಚಿನ್ನದ ಬಣ್ಣ ಕೇಳಬಾರದು. ಎರಡು ಗ್ರೇಡುಗಳ ಭಾಗಗಳನ್ನು ಒಂದೇ ಟ್ಯಾಂಕಿಗೆ ಹಾಕಿದರೂ ಶೇಡ್ ಒಂದೇ ಬರುತ್ತದೆಂಬ ಭರವಸೆಯಿಲ್ಲ.

ಜಾಬನ್ನು ಹಿಡಿದು ಅದಕ್ಕೆ ಕರೆಂಟ್ ಮುಟ್ಟಿಸುವ ಜಿಗ್ ಕಟ್ಟುವ ಹುಡುಗನ ಕೈ ಬಹಳ ಮುಖ್ಯ. ಆಕ್ಸೈಡ್ ಕರೆಂಟ್ ಹರಿಯಗೊಡುವುದಿಲ್ಲ. ಮಧ್ಯದಲ್ಲಿ ಜಾಬ್ ಸ್ವಲ್ಪ ಸರಿದು ಕಾಂಟ್ಯಾಕ್ಟ್ ತಪ್ಪಿತೋ, ಪದರ ಬೆಳೆಯುವುದು ಅಲ್ಲಿಗೇ ನಿಂತಿತು. ಆರಪಾರ ಇಲ್ಲದ ಟ್ಯಾಪಿಂಗ್ ತೂತುಗಳಲ್ಲಿ ಆಸಿಡ್ ಉಳಿದರೆ ಅದು ಡೈ ಟ್ಯಾಂಕಿನಲ್ಲಿ ಒಸರಿ, ತೂತಿನ ಕೆಳಗೆ ಬಿಳಿ ಗೆರೆ ಎಳೆಯುತ್ತದೆ. ತೂತುಗಳನ್ನು ನೀರಿನಲ್ಲಿ ಪದೇಪದೇ ತೊಳೆದು ಏರ್ ಗನ್ ಹಿಡಿಯುವುದೇ ಇದಕ್ಕೆ ಮದ್ದು.

ಡೆಲಿವರಿ ಅವಸರದಲ್ಲಿ ಕತ್ತರಿ ಬೀಳುವುದು ಸೀಲಿಂಗ್‌ಗೆ, ಅಂದರೆ ಬಣ್ಣದ ನಂತರ ಆ ರಂಧ್ರಗಳನ್ನು ಮುಚ್ಚುವ ಕೆಲಸಕ್ಕೆ. ಕುದಿಯುವ ನೀರಿನಲ್ಲಿ ಒಂದು ಮೈಕ್ರಾನಿಗೆ ಎರಡು ಮೂರು ನಿಮಿಷ ಬೇಕು. 20 ಮೈಕ್ರಾನ್ ಪದರಕ್ಕೆ ಹತ್ತು ನಿಮಿಷ ಕೊಟ್ಟು ಕಳಿಸಿದರೆ ಶೋರೂಮಿನಲ್ಲಿ ಹೊಳೆಯಬಹುದು, ಬಾಳಿಕೆ ಬಾರದು. ನನ್ನ ಪ್ರಕಾರ ಒಂದು ಶೆಡ್ಡಿನ ಪ್ರಾಮಾಣಿಕತೆಯನ್ನು ಅಳೆಯಬೇಕಾದದ್ದು ಇಲ್ಲೇ.

ಅಳತೆಯ ಮಾತೂ ಇದೆ. ಪದರದ ಸುಮಾರು ಮೂರನೇ ಒಂದು ಭಾಗ ಹೊರಕ್ಕೆ ಬೆಳೆಯುತ್ತದೆ. 20 ಮೈಕ್ರಾನ್ ಹಾಕಿದರೆ ಶಾಫ್ಟಿನ ವ್ಯಾಸ 13 ಮೈಕ್ರಾನಿನಷ್ಟು ಹೆಚ್ಚುತ್ತದೆ. ಬೇರಿಂಗ್ ಕೂರುವ ಜಾಗಕ್ಕೆ ಅದು ಸಣ್ಣದಲ್ಲ. ಅರ್ತಿಂಗ್ ಕೊಡುವ ಜಾಗವನ್ನಂತೂ ಮಾಸ್ಕ್ ಮಾಡಲೇಬೇಕು.

ಡಿಸೈನ್ ಮಾಡುವವರಲ್ಲಿ ನನ್ನ ಕೋರಿಕೆ ಇದು: ಡ್ರಾಯಿಂಗಿನಲ್ಲಿ ಬರೀ 'ಬ್ಲ್ಯಾಕ್ ಆನೊಡೈಸ್' ಎಂದು ಬರೆದು ಬಿಡಬೇಡಿ. ಗ್ರೇಡ್, ಎಷ್ಟು ಮೈಕ್ರಾನ್, ಎಲ್ಲಿ ಮಾಸ್ಕಿಂಗ್, ಜಿಗ್ ಗುರುತು ಯಾವ ಮುಖದಲ್ಲಿ ಬಿದ್ದರೆ ನಡೆಯುತ್ತದೆ, ಇಷ್ಟನ್ನೂ ಬರೆಯಿರಿ. ಒಟ್ಟಿಗೆ ಜೋಡಿಸುವ ಭಾಗಗಳನ್ನು ಒಂದೇ ಲಾಟಿನ ಲೋಹದಲ್ಲಿ ಮಾಡಿಸಿ, ಒಂದೇ ಸಲ ಕಳಿಸಿ.