ಪಂಚೆಯ ಮೇಲೆ ಬಂದು ಕೂತ ಪತಂಗಗಳು

ಮಲೆನಾಡಿನ ಹಿತ್ತಲಲ್ಲಿ ಪತಂಗ ನೋಡಲು ಆಶ್ವಯುಜ, ಕಾರ್ತಿಕಗಳಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ. ಜಡಿಮಳೆ ನಿಂತಿರುತ್ತದೆ, ಚಳಿ ಇನ್ನೂ ಬಿದ್ದಿರುವುದಿಲ್ಲ. ಮಳೆಗಾಲವಿಡೀ ಸೊಪ್ಪು ಮೇಯ್ದ ಹುಳುಗಳು ರೆಕ್ಕೆ ಪಡೆದು ಹೊರಬಿದ್ದಿರುತ್ತವೆ.

1. ಕತ್ತಲೆ ಇದ್ದರೆ ಅರ್ಧ ಕೆಲಸ ಆದಂತೆ. ಅಮಾವಾಸ್ಯೆಯ ಆಸುಪಾಸಿನ, ಮೋಡ ಕವಿದ, ಗಾಳಿಯಿಲ್ಲದ, ತುಸು ಸೆಕೆಯ ರಾತ್ರಿ ಆರಿಸಿಕೊಳ್ಳಿ. ಚಿತ್ತೆ ಮಳೆ ನಾಲ್ಕು ಹನಿ ಉದುರಿಸಿ ಹೋದ ಸಂಜೆಯಾದರೆ ಇನ್ನೂ ವಾಸಿ. ಅಂಗಳದ ಬಲ್ಬು ಆರಿಸಲು ಮರೆಯಬೇಡಿ. ಪಂಚಾಂಗ ನೋಡಿದರೆ ದೀಪಾವಳಿ ಅಮಾವಾಸ್ಯೆಯೇ ಪ್ರಶಸ್ತ. ಆದರೆ ಊರೆಲ್ಲ ದೀಪ, ಪಟಾಕಿ ಹೊಗೆ. ಆ ಮೂರು ದಿನ ಹಬ್ಬ ಮಾಡಿ.

2. ಒಂದು ಬಿಳಿ ಪಂಚೆ, ಒಂದು ಯುವಿ ಟ್ಯೂಬ್ ಸಾಕು. ಪಂಚೆಯನ್ನು ಎರಡು ಅಡಿಕೆ ಮರಗಳ ನಡುವೆ ಬಿಗಿಯಾಗಿ ಕಟ್ಟಿ, ಕೆಳ ಅಂಚನ್ನು ನೆಲದ ಮೇಲೂ ಹಾಸಿ. ಎಷ್ಟೋ ಪತಂಗಗಳು ಮೇಲೆ ಏರದೆ ಕೆಳಗೇ ಇಳಿದು ಕೂರುತ್ತವೆ. ಟ್ಯೂಬನ್ನು ನೇರವಾಗಿ ದಿಟ್ಟಿಸಬೇಡಿ, ಕಣ್ಣಿಗೆ ಕೆಟ್ಟದ್ದು. ಮರ್ಕ್ಯುರಿ ದೀಪದ ಬೆಳಕು ಜೋರು, ನಿಜ; ಆದರೆ ಕಾದ ಗಾಜಿಗೆ ಒಂದು ಹನಿ ತಾಗಿದರೂ ಒಡೆದೀತು.

3. ನಿದ್ದೆಗೆಡಲಾಗದವರು ಬಕೆಟ್ ಮೇಲೆ ದೊಡ್ಡ ಆಲಿಕೆ ಕೂರಿಸಿ, ಅದರ ಮೇಲೆ ದೀಪ ತೂಗುಹಾಕಿ, ಒಳಗೆ ಮೊಟ್ಟೆಯ ಟ್ರೇ ತುಂಡುಗಳನ್ನಿಡಿ. ಟ್ರೇಯ ಗುಳಿಗಳಲ್ಲಿ ಒಳಬಿದ್ದ ಪತಂಗಗಳು ಸುಮ್ಮನೆ ಅಡಗಿರುತ್ತವೆ. ಬಿಸಿಲೇರುವ ಮುಂಚೆ ನೋಡಿ ಮುಗಿಸಿ, ದಟ್ಟ ಪೊದೆಯೊಳಗೆ ಬಿಡಿ. ಪ್ರತಿಸಲ ಒಂದೇ ಜಾಗದಲ್ಲಿ ಬೇಡ. ಕಾಜಾಣ, ಮಡಿವಾಳ ಹಕ್ಕಿಗಳಿಗೆ ಆ ಜಾಗ ಬೇಗ ಗೊತ್ತಾಗಿಬಿಡುತ್ತದೆ. ಇರುವೆಯಂತೂ ಸರಿಯೇ ಸರಿ.

4. ದೀಪಕ್ಕೆ ಸರಿಯಾಗಿ ಬಾರದವು ಹಣ್ಣಿಗೆ ಬರುತ್ತವೆ. ಕೊಳೆತ ಬಾಳೆಹಣ್ಣಿಗೆ ಬೆಲ್ಲ ಕಿವುಚಿ ಮರದ ಬುಡಕ್ಕೆ ಬಳಿದರೆ ಯೂಡೊಸಿಮಾ ಪತಂಗಗಳು ಇಳಿಯಬಹುದು. ಕೂತಾಗ ಬರೀ ತರಗೆಲೆ. ಕಡ್ಡಿಯಿಂದ ಮೆಲ್ಲಗೆ ತಾಗಿಸಿ ನೋಡಿ, ಮುಂದಿನ ರೆಕ್ಕೆ ಸರಿದು ಕಪ್ಪು ಗುರುತಿನ ಕಡು ಕಿತ್ತಳೆ ಬಣ್ಣದ ಹಿಂದಿನ ರೆಕ್ಕೆ ಥಟ್ಟನೆ ಕಾಣುತ್ತದೆ. ಹೆಚ್ಚಿನ ಪತಂಗಗಳ ಸೊಂಡಿಲು ಮೆದು. ಇದರದ್ದು ಗಟ್ಟಿ, ಮೊನೆಯಲ್ಲಿ ಮುಳ್ಳು. ಮೋಸಂಬಿ, ದಾಳಿಂಬೆಯ ಸಿಪ್ಪೆ ಚುಚ್ಚಿ ರಸ ಹೀರುತ್ತದೆ. ಚುಚ್ಚಿದ ತೂತಿನ ಸುತ್ತ ಹಣ್ಣು ಕೊಳೆತು ಉದುರುತ್ತದೆ. ಬೆಳೆಗಾರರು ಶಪಿಸುವುದು ನ್ಯಾಯವೇ. ಆದರೆ ಅದರ ಮರಿಹುಳು ಹಣ್ಣಿನ ತೋಟದಲ್ಲಿ ಇರುವುದಿಲ್ಲ, ಬೇಲಿಯ ಅಮೃತಬಳ್ಳಿಯ ಮೇಲಿರುತ್ತದೆ.

5. ಹಾಗಾಗಿ ಗುರುತು ಹಿಡಿಯುವುದನ್ನು ಗಿಡದಿಂದ ಶುರುಮಾಡಿ. ನನ್ನ ಮಟ್ಟಿಗೆ ಇದೇ ಮುಖ್ಯ ಪಾಠ. ನಿಮ್ಮ ಹಿತ್ತಲ ಗಿಡಗಳ ಪಟ್ಟಿ ಕೈಯಲ್ಲಿದ್ದರೆ ಪುಸ್ತಕದ ಮುಕ್ಕಾಲು ಭಾಗ ತಿರುವಿಹಾಕುವುದೇ ಬೇಡ. ಕಣಗಿಲೆ, ನಂದಿಬಟ್ಟಲು ಇದ್ದಲ್ಲಿ ಹಸಿರು-ಗುಲಾಬಿ ಮಿಶ್ರಣದ ಡಾಫ್ನಿಸ್ ನೀರಿಯೈ ನಿರೀಕ್ಷಿಸಿ. ಹಗಲಲ್ಲಿ ಅದೇ ಗಿಡ ಹುಡುಕಿದರೆ ತಲೆಯ ಹಿಂದೆ ಎರಡು ದೊಡ್ಡ ನೀಲಿ ಕಣ್ಣಚ್ಚುಗಳ ದಪ್ಪ ಹಸಿರು ಹುಳು ಸಿಕ್ಕೀತು. ಎಳ್ಳು, ಬದನೆ ಬೆಳೆದಲ್ಲಿ ಬೆನ್ನ ಮೇಲೆ ತಲೆಬುರುಡೆಯ ಗುರುತಿರುವ ಅಕೆರಾಂಟಿಯಾ. ಹಿಡಿದರೆ ಕೀಚ್ ಎನ್ನುತ್ತದೆ, ಜೇನುಗೂಡಿಗೂ ನುಗ್ಗುತ್ತದೆ. ಪಕ್ಕದಲ್ಲಿ ಮುಸುಕಿನ ಜೋಳದ ಹೊಲವಿದ್ದರೆ ಪಂಚೆಯ ಮೇಲಿನ ಬೂದು ಪತಂಗದ ರೆಕ್ಕೆಯ ತುದಿಯಲ್ಲಿ ಬಿಳಿ ಮಚ್ಚೆಯಿದೆಯೇ ನೋಡಿ. 2018ರಲ್ಲಿ ಶಿವಮೊಗ್ಗದಲ್ಲಿ, ದೇಶದಲ್ಲೇ ಮೊದಲು ಪತ್ತೆಯಾದ ಫಾಲ್ ಸೈನಿಕ ಹುಳುವಿನ ಗಂಡು ಇರಬಹುದು.

6. ಆಮೇಲೆ ಕೂರುವ ಭಂಗಿ, ಬಣ್ಣ ಕೊನೆಗೆ. ರೆಕ್ಕೆ ಅಗಲಿಸಿ ಬಟ್ಟೆಗೆ ಒತ್ತಿಕೊಂಡಿದ್ದರೆ ಬಹುಪಾಲು ಜಿಯೊಮೆಟ್ರಿಡ್ ಕುಟುಂಬದ್ದು. ಮಾಡಿನ ಹಾಗೆ ಇಳಿಜಾರಾಗಿ ಮಡಚಿದ್ದರೆ ನಾಕ್ಟುಯಿಡ್ ಬಳಗ. ಅದರ ಮುಂದಿನ ರೆಕ್ಕೆಯ ಮೇಲೆ ಒಂದು ದುಂಡು, ಒಂದು ಹುರುಳಿಕಾಳಿನಾಕಾರದ ಕಲೆ ಹುಡುಕಿ. ಇಂಗ್ಲಿಷಿನ ‘ಟಿ’ ಅಕ್ಷರದ ಹಾಗಿದ್ದರೆ ಗರಿ ಪತಂಗ. ಮೀಸೆ ತುದಿಯಲ್ಲಿ ಗುಂಡಿಯಿದ್ದರೆ ಅದು ದೀಪಕ್ಕೆ ಬಂದ ಚಿಟ್ಟೆ. ಮೆಲಾನಿಟಿಸ್ ಲೀಡಾದಂಥ ಚಿಟ್ಟೆ ಮುಸ್ಸಂಜೆಯ ನಂತರವೂ ಹಾರುತ್ತದೆ.

7. ಬೆರಳಲ್ಲಿ ಹಿಡಿಯಬೇಡಿ, ರೆಕ್ಕೆಯ ಹುಡಿ ಉದುರಿದರೆ ಗುರುತೂ ಹೋಯಿತು. ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೊ, ಜೊತೆಗೆ ಅಳತೆಗೊಂದು ಸ್ಕೇಲು. 1892ರಿಂದ 1896ರವರೆಗೆ ನಾಲ್ಕು ಸಂಪುಟಗಳಲ್ಲಿ ಬಂದ ಹ್ಯಾಂಪ್ಸನ್ನನ ಭಾರತದ ಪತಂಗಗಳ ಗ್ರಂಥ ಈಗಲೂ ಉಪಯುಕ್ತ, ಹೆಸರುಗಳು ಮಾತ್ರ ಎಷ್ಟೋ ಬದಲಾಗಿವೆ. ಸಣ್ಣ ಕಂದು ಹಾತೆಗಳಲ್ಲಿ ಅನೇಕವನ್ನು ಸೂಕ್ಷ್ಮದರ್ಶಕದಡಿ ಜನನಾಂಗ ನೋಡದೆ ಹೇಳಲಾಗದು. ಅಂಥವಕ್ಕೆ ಕುಟುಂಬದ ಹೆಸರು, ತಾರೀಖು, ಹೊತ್ತು ಬರೆದು ಮುಂದಿನದಕ್ಕೆ ಹೋಗಿ.